ಯಾವ ವರ್ಷಕ್ಕೆ ಮರಳುವುದು?

ಡೊಂಬಿವಿಲಿಯ ನನ್ನ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಳೆತ್ತರದ ಒಂದು ಪೆಟ್ಟಿಗೆ ನಿಂತಿದೆ. ಮೈಗೆಲ್ಲ ಕಂದು ಬಣ್ಣ. ಎದೆಯ ಮಟ್ಟದಲ್ಲಿ ಟಿ.ವಿ.ಯಂಥ ಪರದೆ, ಅದರ ಕೆಳಗೆ ಎರಡು ಹ್ಯಾಂಡಲು, ನಾಲ್ಕು ಬಟನ್ನು, ಇನ್ನೂ ಕೆಳಗೆ ನಾಣ್ಯ ಹಾಕುವ ಸೀಳು. ತೊಂಬತ್ತರ ದಶಕದಲ್ಲಿ ಯಾವುದಾದರೂ ಪೇಟೆಯಲ್ಲಿ ಬೆಳೆದವರಿಗೆ ಇದರ ಗುರುತು ಹೇಳಬೇಕಾಗಿಲ್ಲ: ವಿಡಿಯೋ ಗೇಮ್ ಪಾರ್ಲರಿನ ಯಂತ್ರ. ಇದನ್ನು ಏನು ಮಾಡಬೇಕೆಂಬ ಪ್ರಶ್ನೆ ಆರು ತಿಂಗಳಿಂದ ನನ್ನನ್ನು ಕಾಡುತ್ತಿದೆ. ಒಂದು ಹಳೆ ಪೆಟ್ಟಿಗೆಗಾಗಿ ಇಷ್ಟು ತಲೆ ಕೆಡಿಸಿಕೊಳ್ಳುವುದುಂಟಾ ಎಂದು ಹೆಂಡತಿ ನಗುತ್ತಾಳೆ. ನಗಲಿ. ವಿಷಯವನ್ನು ನಿಮ್ಮ ಮುಂದೆ ಇಡುತ್ತೇನೆ, ನೀವೇ ಹೇಳಿ.

ಪ್ರಶ್ನೆ ಎತ್ತಿದವನು ಪುಣೆಯ ಒಬ್ಬ ಹುಡುಗ. ಹುಬ್ಬಳ್ಳಿ ಕಡೆಯವನು, ಸಾಫ್ಟ್‌ವೇರ್ ಕೆಲಸ, ಹಳೆ ಆಟದ ಯಂತ್ರಗಳನ್ನು ಕೂಡಿಹಾಕುವ ಹುಚ್ಚು. ಯಾರಿಂದಲೋ ಕೇಳಿ ತಿಳಿದು ಅಂಗಡಿಗೆ ಬಂದ. ಟಾರ್ಚ್ ಹಿಡಿದು ಪೆಟ್ಟಿಗೆಯ ಹಿಂಬಾಗಿಲು ತೆಗೆಸಿದ, ಬಗ್ಗಿ ನೋಡಿದ, ಎದ್ದು ನಿಂತಾಗ ಮುಖ ಅರಳಿತ್ತು.

“ಕಾಕಾ, ಇದು ಅಸಲಿ ಪ್ಯಾಕ್‌ಮ್ಯಾನ್ ಪೆಟ್ಟಿಗಿ ಐತ್ರಿ! ಒಳಗ ಹಳದಿ ಬಣ್ಣ ಹಂಗ ಐತಿ. ಮೊದಲಿನಂಗ ಮಾಡಿಕೊಡ್ರಿ, ನಾ ತಗೊಂಡ ಹೋಗ್ತೀನಿ.” ಆಮೇಲೆ ಅವನು ಹೇಳಿದ ಮೊತ್ತ ನನ್ನ ಅಂಗಡಿಯ ನಾಲ್ಕು ತಿಂಗಳ ಬಾಡಿಗೆಗಿಂತ ಹೆಚ್ಚು. ಟಿ.ವಿ. ರಿಪೇರಿಯವನಿಗೆ ಈಗೇನು ಕೆಲಸ ಉಂಟು ಹೇಳಿ. ನಾನು ಆಗಲಿ ಎಂದೆ.

ಮೊದಲಿನಂತೆ ಮಾಡುವುದು. ಹೇಳುವಾಗ ಎಷ್ಟು ಸಲೀಸು!

ಈ ಯಂತ್ರದ ಜಾತಕ ಹೀಗಿದೆ. ಪ್ಯಾಕ್‌ಮ್ಯಾನ್ ಆಟ ಹುಟ್ಟಿದ್ದು ಜಪಾನಿನಲ್ಲಿ, 1980ರಲ್ಲಿ, ನಾಮ್ಕೋ ಕಂಪನಿಯಲ್ಲಿ. ಬಾಯಿ ತೆರೆದ ಹಳದಿ ಉಂಡೆಯೊಂದು ಚಕ್ರವ್ಯೂಹದ ಓಣಿಗಳಲ್ಲಿ ಓಡಾಡುತ್ತ ಚುಕ್ಕಿಗಳನ್ನು ತಿನ್ನಬೇಕು, ನಾಲ್ಕು ಭೂತಗಳ ಕೈಗೆ ಸಿಗಬಾರದು. ಅಮೆರಿಕದಲ್ಲಿ ಇದನ್ನು ಮಾಡಿ ಮಾರಿದ್ದು ಮಿಡ್‌ವೇ ಎಂಬ ಕಂಪನಿ. ಹಳದಿ ಮೈ, ಪಕ್ಕದಲ್ಲಿ ಚಿತ್ರ, ಮಧ್ಯದಲ್ಲಿ ಒಂದೇ ಒಂದು ಹ್ಯಾಂಡಲು, ಉದ್ದಕ್ಕೆ ನಿಲ್ಲಿಸಿದ ಪರದೆ. ಅಂಥದ್ದೊಂದು ಪೆಟ್ಟಿಗೆ ಯಾವ ಹಡಗು ಹತ್ತಿ ಬೊಂಬಾಯಿಗೆ ಬಂತೋ, 1987ರಲ್ಲಿ ಹಳೆ ಸಾಮಾನಿನ ವ್ಯಾಪಾರಿಯಿಂದ ನನ್ನ ಸೋದರಮಾವ ಅದನ್ನು ಕೊಂಡರು. ಗ್ರಾಂಟ್ ರೋಡ್ ಬಳಿಯ ತಮ್ಮ ಹೋಟೆಲಿನ ಪಕ್ಕದ ಸಣ್ಣ ಗಾಳಾದಲ್ಲಿ ಇಟ್ಟರು. ಅಮೆರಿಕದ ಕರೆಂಟು ಬೇರೆ, ನಮ್ಮದು ಬೇರೆ; ಹಾಗಾಗಿ ಕೆಳಗೊಂದು ಟ್ರಾನ್ಸ್‌ಫಾರ್ಮರ್ ಕೂತಿತು. ಇವತ್ತಿಗೂ ಅದು ಗುಂಯ್ ಎನ್ನುತ್ತದೆ.

ನಾನು ಕುಂದಾಪುರ ಕಡೆಯಿಂದ ಮಾವನ ಹೋಟೆಲಿಗೆ ಬಂದಿದ್ದು 1991ರಲ್ಲಿ. ಆಗ ಹದಿಮೂರು ವರ್ಷ. ಹಗಲು ಹೋಟೆಲು, ಸಂಜೆ ಕನ್ನಡ ರಾತ್ರಿ ಶಾಲೆ. ಆ ಹೊತ್ತಿಗೆ ಪ್ಯಾಕ್‌ಮ್ಯಾನ್ ಹಳತಾಗಿತ್ತು, ಗಿರಾಕಿ ಇರಲಿಲ್ಲ. 1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಎಂಬ ಹೊಡೆದಾಟದ ಆಟ ತಂದಿತು. ಅದರ ನಿಜವಾದ ಹೆಸರು ನಮ್ಮಲ್ಲಿ ಯಾರಿಗೂ ಬೇಕಿರಲಿಲ್ಲ. ಆಟದಲ್ಲಿ ಮುಸ್ತಫಾ ಎಂಬ ಹಳದಿ ಟೊಪ್ಪಿಯವ ಒಬ್ಬನಿದ್ದ. ಇಂಡಿಯಾದ ಪಾರ್ಲರುಗಳಲ್ಲೆಲ್ಲ ಆಟದ ಹೆಸರೇ ‘ಮುಸ್ತಫಾ’ ಆಯಿತು. ಮಾವನೂ 1994ರಲ್ಲಿ ಲ್ಯಾಮಿಂಗ್ಟನ್ ರೋಡಿನಿಂದ ಅದರ ನಕಲಿ ಬೋರ್ಡು ತಂದರು. ಹೊಸ ಪೆಟ್ಟಿಗೆ ಮಾಡಿಸುವಷ್ಟು ದುಡ್ಡಿಲ್ಲ. ಹೋಟೆಲಿನ ಮೇಜು ರಿಪೇರಿ ಮಾಡುವ ಬಡಗಿಯನ್ನು ಕರೆದರು. ಆತ ಪರದೆಯನ್ನು ಅಡ್ಡಕ್ಕೆ ತಿರುಗಿಸಿದ, ಒಂದು ಹ್ಯಾಂಡಲಿದ್ದಲ್ಲಿ ಎರಡು ಹ್ಯಾಂಡಲಿಗೆ ತೂತು ಕೊರೆದ, ಮೇಜಿಗೆ ಹಚ್ಚಿ ಉಳಿದ ಸನ್ಮೈಕಾ ತುಂಡನ್ನೇ ಅದರ ಮೇಲೆ ಅಂಟಿಸಿದ. ಮೇಜಿನ ಕಾಲಿಗೆ ಹೊಡೆದ ಕಂದು ಬಣ್ಣ ಮಿಕ್ಕಿತ್ತು, ಅದನ್ನು ಪೆಟ್ಟಿಗೆಗೆ ಬಳಿದ. ಕಂಪನಿಯ ಆಟ ಮೂವರು ಕೂಡಿ ಆಡುವಂಥದ್ದು. ನಮ್ಮಲ್ಲಿ ಮೂರನೆಯವನಿಗೆ ಜಾಗ ಇರಲಿಲ್ಲ.

ಪರದೆಯಲ್ಲಿ ಒಂದು ವಿಚಿತ್ರ ಉಳಿಯಿತು. ಹಳೆ ಪಿಕ್ಚರ್ ಟ್ಯೂಬಿನಲ್ಲಿ ಒಂದೇ ಚಿತ್ರ ವರ್ಷಗಟ್ಟಲೆ ನಿಂತರೆ ಒಳಗಿನ ಲೇಪವೇ ಸುಟ್ಟು ಅಚ್ಚು ಬೀಳುತ್ತದೆ. ಪ್ಯಾಕ್‌ಮ್ಯಾನಿನ ಚಕ್ರವ್ಯೂಹ ಹಾಗೆ ಅಚ್ಚಾಗಿತ್ತು. ಪರದೆ ತಿರುಗಿಸಿದ ಮೇಲೆ ಅದು ಅಡ್ಡ ಮಲಗಿತು. ಮುಸ್ತಫಾ ಓಡಾಡುವ ಬೀದಿಗಳ ಹಿಂದೆ ಮಸುಕಾದ ಆ ಗೋಡೆಗಳು ಕಾಣುತ್ತಿದ್ದವು. ಅದೂ ಆಟದ್ದೇ ಚಿತ್ರ ಎಂದು ನಾವು ಹುಡುಗರು ತಿಳಿದಿದ್ದೆವು.

ಈಗ ಪುಣೆಯ ಹುಡುಗನ ವಾದ ಕೇಳಿ. ಅದು ಹಗುರವಾದದ್ದಲ್ಲ. ಹೀಗೆ ಬದಲಾಯಿಸಿದ ಪೆಟ್ಟಿಗೆಗಳು ಲೋಕದ ತುಂಬ ಇದ್ದಾವೆ, ಕೈ ಮುಟ್ಟದವು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿವೆ. ಆ ಹಳದಿ ಮೈಯನ್ನು, ಆ ಚಿತ್ರವನ್ನು ಯಾರೋ ಕಲಾವಿದ ಯೋಚಿಸಿ ಮಾಡಿದ್ದ. ಅದರ ಮೇಲೆ ಮೇಜಿನ ಬಣ್ಣ ಬಳಿದದ್ದು ಅನ್ಯಾಯ. ಅನ್ಯಾಯವನ್ನು ಸರಿಪಡಿಸಲು ಶಕ್ತಿಯಿದ್ದೂ ಸುಮ್ಮನಿರುವುದು ತಪ್ಪಲ್ಲವೇ? ಇಂಥ ಮಾತಿಗೆ ತಟ್ಟನೆ ಉತ್ತರ ಸಿಗುವುದಿಲ್ಲ.

ಆದರೂ ಒಂದು ಕತೆ ನೆನಪಾಯಿತು. ಜಪಾನಿನ ನಿಂಟೆಂಡೋ ಕಂಪನಿ 1980ರ ಹೊತ್ತಿಗೆ ‘ರೇಡಾರ್ ಸ್ಕೋಪ್’ ಎಂಬ ಆಟದ ಸುಮಾರು 3000 ಪೆಟ್ಟಿಗೆಗಳನ್ನು ಅಮೆರಿಕಕ್ಕೆ ಕಳಿಸಿತು. ಹೋದದ್ದು ಸುಮಾರು 1000. ಉಳಿದ 2000 ಗೋದಾಮಿನಲ್ಲಿ ಕೊಳೆಯುತ್ತಿದ್ದವು. ಆಗ ಮಿಯಾಮೊಟೊ ಎಂಬ ಯುವ ಕಲಾವಿದನಿಗೆ, ಅದೇ ಪೆಟ್ಟಿಗೆಗೆ ಹೊಂದುವ ಹೊಸ ಆಟ ಮಾಡು ಎಂದರು. 1981ರಲ್ಲಿ ‘ಡಾಂಕಿ ಕಾಂಗ್’ ಬಂತು. ಬೆರಳೆಣಿಕೆಯ ಜನ ಗೋದಾಮಿನಲ್ಲೇ ಕೂತು ಹಳೆ ಪೆಟ್ಟಿಗೆಗಳ ಒಳಗನ್ನು ಬದಲಿಸಿದರು. ಆ ಮೊದಲ ಕೆಂಪು ಡಾಂಕಿ ಕಾಂಗ್ ಪೆಟ್ಟಿಗೆಗಾಗಿ ಸಂಗ್ರಹಕಾರರು ಈಗ ಹಾತೊರೆಯುತ್ತಾರೆ. ಅದನ್ನು ‘ಮೊದಲಿನಂತೆ’ ಮಾಡಿ ರೇಡಾರ್ ಸ್ಕೋಪಿಗೆ ಮರಳಿಸೋಣ ಎಂದರೆ ಎಷ್ಟು ಜನ ಒಪ್ಪಿಯಾರು?

ಹುಡುಗನಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. ಅವನು ನಕ್ಕ. “ಅದನ್ನ ಕಂಪನಿಯವರ ಮಾಡಿದ್ರು ಕಾಕಾ. ಇಲ್ಲೆ ಯಾವನೋ ಬಡಗಿ ಮಾಡ್ಯಾನ.”

ಅಂದರೆ ಕಂಪನಿ ಬದಲಿಸಿದರೆ ಇತಿಹಾಸ, ಬಡಗಿ ಬದಲಿಸಿದರೆ ಹಾಳು. ಎರಡೂ ಕಡೆ ಕಾರಣ ಒಂದೇ: ಆಟ ಓಡುತ್ತಿಲ್ಲ, ಹೊಸ ಪೆಟ್ಟಿಗೆಗೆ ದುಡ್ಡಿಲ್ಲ. ಅವನು ಬೇಕೆಂದು ಹಾಗೆ ಅಂದದ್ದಲ್ಲ. ನಾವೆಲ್ಲರೂ ಹಾಗೆಯೇ ಯೋಚಿಸುತ್ತೇವೆ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುಂಬಯಿಯಲ್ಲಿ ಚಂದಾ ಎತ್ತುವಾಗ ನಾನೂ ಓಡಾಡಿದ್ದೇನೆ. ಮೂಲ ಸ್ವರೂಪಕ್ಕೆ ತರುತ್ತೇವೆ ಎಂದು ರಸೀದಿ ಹರಿದದ್ದೇ ಹರಿದದ್ದು. ನನ್ನ ಅಜ್ಜನ ಕಾಲದವರು ಹೆಗಲ ಮೇಲೆ ಹೊತ್ತು ತಂದು ಕಟ್ಟಿದ ಮುರಕಲ್ಲಿನ ಗೋಡೆ ಉರುಳಿದಾಗ, ಮೂಲ ಅಂದರೆ ಯಾವುದು ಎಂದು ಯಾರೂ ಕೇಳಲಿಲ್ಲ. ಆ ಗೋಡೆ ಕಟ್ಟಿದವರ ಹೆಸರು ಯಾವ ಶಿಲೆಯಲ್ಲೂ ಇರಲಿಲ್ಲವಲ್ಲ.

ಅಂಗಡಿಗೆ ಹಳೆ ರೇಡಿಯೋ ತರುವ ಆರ್ಕಿಟೆಕ್ಟ್ ಗಿರಾಕಿ ಒಬ್ಬರಿದ್ದಾರೆ. ಅವರ ಹತ್ತಿರ ಈ ಸಂಗತಿ ಎತ್ತಿದೆ. 1964ರಲ್ಲಿ ವೆನಿಸ್ ನಗರದಲ್ಲಿ ತಜ್ಞರು ಸೇರಿ ಹಳೆ ಸ್ಮಾರಕಗಳ ಬಗ್ಗೆ ಒಂದು ಸನ್ನದು ಮಾಡಿದ್ದಾರಂತೆ. ಬೇರೆ ಬೇರೆ ಕಾಲದವರು ಕಟ್ಟಡಕ್ಕೆ ಸೇರಿಸಿದ್ದನ್ನೂ ಗೌರವಿಸಬೇಕು, ಎಲ್ಲವನ್ನೂ ಒಂದೇ ಕಾಲಕ್ಕೆ ಎಳೆದು ತರುವುದು ಗುರಿಯಲ್ಲ. ಮೇಲಿನ ಪದರ ತೆಗೆಯಲೇಬೇಕೆಂದರೆ ಮೇಲಿನದಕ್ಕೆ ಬೆಲೆ ಕಡಿಮೆ, ಒಳಗಿನದಕ್ಕೆ ಬಹಳ ಹೆಚ್ಚು ಎಂದು ಖಾತ್ರಿಯಾಗಬೇಕು. ಆ ತೀರ್ಮಾನವನ್ನು ಕೆಲಸ ಮಾಡುವವನೊಬ್ಬನೇ ಮಾಡುವಂತಿಲ್ಲ.

ಕೊನೆಯ ಮಾತು ನನಗೆ ಚುಚ್ಚಿತು. ಯಾಕೆಂದರೆ ಇಲ್ಲಿಯತನಕ ನಿಮಗೆ ಒಂದು ವಿಷಯ ಹೇಳಿಲ್ಲ.

ಪೆಟ್ಟಿಗೆಯ ಎಡಬದಿಯಲ್ಲಿ, ಗೋಡೆಗೆ ತಾಗಿ ನಿಲ್ಲುತ್ತಿದ್ದ ಕಡೆ, ಸೊಂಟದೆತ್ತರದಲ್ಲಿ ಸಾಲು ಸಾಲು ಗೀರುಗಳಿವೆ. ಮೊಳೆಯಿಂದ ಗೀಚಿದ್ದು. ನಾಲ್ಕು ನೆಟ್ಟಗೆ, ಒಂದು ಅಡ್ಡ, ಹೀಗೆ ಐದೈದರ ಕಟ್ಟು. ಕಂದು ಬಣ್ಣ ಕಿತ್ತುಹೋಗಿ ಒಳಗಿನ ಹಳದಿ ಕಾಣುತ್ತದೆ. ಹುಡುಗನಿಗೆ ಅಸಲಿ ಬಣ್ಣದ ಸುಳಿವು ಹೊರಗಡೆ ಸಿಕ್ಕಿದ್ದು ಆ ಗೀರುಗಳಲ್ಲೇ. ಗೀಚಿದವನು ನಮ್ಮ ಮೋರಿಯಲ್ಲಿ ತಟ್ಟೆ ತೊಳೆಯುತ್ತಿದ್ದವ, ಬೈಂದೂರು ಕಡೆಯವ, ನನಗಿಂತ ಎರಡು ವರ್ಷ ಚಿಕ್ಕವ. ಒಂದು ವರ್ಷ ಕಳೆದರೆ ಊರಿಗೆ ಕರಕೊಂಡು ಹೋಗುತ್ತೇನೆ ಎಂದು ಅವನ ಅಪ್ಪ ಬಿಟ್ಟುಹೋಗಿದ್ದ. ದಿನಕ್ಕೊಂದು ಗೀರು. ಎಣಿಸಿದ್ದೇನೆ: 143 ಇದೆ.

ನೂರನಲವತ್ತನಾಲ್ಕನೆಯ ದಿನ ಮಾವ ಅವನಿಗೆ ಹೊಡೆದು ಊರಿನ ಬಸ್ಸು ಹತ್ತಿಸಿದರು. ಗಲ್ಲೆಯಿಂದ ದಿನಾ ರೂಪಾಯಿ ನಾಣ್ಯ ಕಾಣೆಯಾಗುತ್ತಿತ್ತು, ಅವನು ಯಾವಾಗಲೂ ಯಂತ್ರದ ಹತ್ತಿರವೇ ನಿಂತಿರುತ್ತಿದ್ದ. ನಾಣ್ಯ ತೆಗೆಯುತ್ತಿದ್ದವನು ನಾನು. ಅವನು ನಿಂತು ನೋಡುತ್ತಿದ್ದ, ಅಷ್ಟೆ. ಅವನ ಕೈಯಲ್ಲಿ ಆಡಲು ನಾಣ್ಯವೇ ಇರುತ್ತಿರಲಿಲ್ಲ. ಅವನು ಅಳುತ್ತ ನನ್ನ ಕಡೆ ನೋಡಿದ. ನಾನು ಚಟ್ನಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಅದು 1995. ಬೊಂಬಾಯಿ ಅಧಿಕೃತವಾಗಿ ಮುಂಬಯಿಯಾದ ವರ್ಷ.

ಹುಡುಗ ಬಂದು ಮೊದಲಿನಂತೆ ಮಾಡಿಕೊಡಿ ಎಂದಾಗ ನಾನು ಅಷ್ಟು ಬೇಗ ಒಪ್ಪಿದ್ದು ದುಡ್ಡಿಗಾಗಿ ಮಾತ್ರವಾ? ಬಣ್ಣ ಕೆತ್ತಿದರೆ ಗೀರೂ ಹೋಗುತ್ತದೆ. ಹಳದಿ ಮೈ, 1980, ನಾನು ಆಗ ಎರಡು ವರ್ಷದ ಕೂಸು, ಯಾವ ಕಳ್ಳತನವೂ ನಡೆದಿಲ್ಲ. ಮೊದಲಿನಂತೆ ಆಗಬೇಕು ಎನ್ನುವ ಆಸೆಯಲ್ಲಿ ಇಂಥದ್ದೊಂದು ಮೂಲೆ ಇರುತ್ತದೆಯೋ ಏನೋ. ಹಾಗಂತ ಗೀರು ಉಳಿಸಿಕೊಂಡು ಕೂತರೆ ನಾನು ಒಳ್ಳೆಯವನಾಗುತ್ತೇನೆಯೇ? ದಿನಾ ಅದನ್ನು ನೋಡಿ ನಿಟ್ಟುಸಿರು ಬಿಡುವುದೂ ಒಂದು ಬಗೆಯ ಸುಖವೇ. “ಫೋಟೋ ಹೊಡದ ಇಟ್ಕೋರಿ ಕಾಕಾ” ಎಂದ ಹುಡುಗ. ಗೀರು ಏನೆಂದು ಅವನಿಗೆ ಹೇಳಿರಲಿಲ್ಲ. ಬುದ್ಧಿವಂತ ಸಲಹೆ. ಆದರೆ ಫೋಟೋ ನನ್ನ ಕಪಾಟಿನಲ್ಲಿರುತ್ತದೆ. ನಾನು ಬೇಕೆಂದಾಗ ತೆಗೆಯಬಹುದು, ಬೇಡವೆಂದಾಗ ಮುಚ್ಚಿಡಬಹುದು. ಪೆಟ್ಟಿಗೆಯ ಗೀರು ನನ್ನ ಕೇಳುವುದಿಲ್ಲ.

ಕೆಲಸ ಮಾಡುವವನೊಬ್ಬನೇ ತೀರ್ಮಾನಿಸುವಂತಿಲ್ಲ ಎಂದರಲ್ಲ, ಊರಿಗೆ ಫೋನ್ ಮಾಡಿದೆ. ಮಾವ 2006ರಲ್ಲಿ ಹೋಟೆಲು ಮುಚ್ಚಿ, ಯಂತ್ರವನ್ನು ನನಗೆ ಕೊಟ್ಟು ಊರು ಸೇರಿದವರು. ಎಂಬತ್ತು ದಾಟಿದೆ. ಮೂವತ್ತು ವರ್ಷ ಬಾಯಿಗೆ ಬಾರದ್ದನ್ನು ಹೇಳಿದೆ. ನಾಣ್ಯ ತೆಗೆದದ್ದು ನಾನು ಮಾವ, ಅವನಲ್ಲ.

ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದರು: “ಯಾವ ಹುಡುಗ ಮಾರಾಯಾ?”

ಎಷ್ಟು ಬಿಡಿಸಿ ಹೇಳಿದರೂ ಅವರಿಗೆ ನೆನಪಾಗಲಿಲ್ಲ. ಎಷ್ಟೋ ಹುಡುಗರು ಬಂದು ಹೋಗಿದ್ದಾರೆ, ಅವರನ್ನು ದೂರುವಂತಿಲ್ಲ. ಕೊನೆಗೆ, “ಆ ಮಿಷನ್ ಈಗ ಓಡ್ತದಾ? ಓಡದಿದ್ರೆ ಹುಳ ಹಿಡಿಯುವ ಮೊದಲು ಕೊಟ್ಟುಬಿಡು” ಎಂದರು. ಬೈಂದೂರು ಕಡೆ ಇಬ್ಬರು ಮೂವರಿಗೆ ಆ ಹುಡುಗನನ್ನು ವಿಚಾರಿಸಲು ಹೇಳಿದ್ದೇನೆ. ಊರಿನ ಹೆಸರು ಅರ್ಧ ನೆನಪು, ಅಪ್ಪನ ಹೆಸರು ಗೊತ್ತಿಲ್ಲ. ಈವರೆಗೆ ಸುದ್ದಿಯಿಲ್ಲ.

ಅವತ್ತು ರಾತ್ರಿ ನನಗೆ ಒಂದು ಖಚಿತವಾಯಿತು. ಆ ಹುಡುಗ ನಮ್ಮ ಹೋಟೆಲಿನಲ್ಲಿ 143 ದಿನ ಇದ್ದ ಎನ್ನಲು ಉಳಿದಿರುವ ದಾಖಲೆ ಆ ಬಣ್ಣದ ಪದರ ಒಂದೇ. ಪ್ಯಾಕ್‌ಮ್ಯಾನ್ ಮಾಡಿದವರ ಹೆಸರು ಪುಸ್ತಕಗಳಲ್ಲಿದೆ, ಅವರ ಹಳದಿ ಪೆಟ್ಟಿಗೆ ಬೇರೆಲ್ಲಾದರೂ ಉಳಿದೀತು. ಬಡಗಿಯ ಕೆಲಸ, ತಟ್ಟೆ ತೊಳೆಯುವವನ ಗೀರು ಇಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಮೊದಲಿನಂತೆ ಮಾಡುವುದೆಂದರೆ ಒಂದು ವರ್ಷವನ್ನು ಆರಿಸಿ, ಆಮೇಲಿನವರು ಯಾರೂ ಬರಲೇ ಇಲ್ಲ ಎನ್ನುವುದು. ಹಾಗೆನ್ನುವ ಮೊದಲು, ಅಳಿಸಿಹೋಗುವ ಕೈ ಯಾರದ್ದು ಎಂದು ಕೇಳಿಕೊಳ್ಳಬೇಕು.

ಊರಿಗೆ ಬಂದಾಗ ನೀವೂ ನಮಗೆ ಹೇಳುತ್ತೀರಿ: ನೀನು ಮೊದಲಿನ ಹಾಗಿಲ್ಲ, ಮಾತಿನಲ್ಲಿ ಹಿಂದಿ ಸೇರಿದೆ, ಮರಾಠಿ ಸೇರಿದೆ. ಪ್ರೀತಿಯಿಂದಲೇ ಹೇಳುತ್ತೀರಿ. ನಿಜವೇ. ನಮ್ಮನ್ನೂ ಅಡ್ಡ ತಿರುಗಿಸಿ ಹೊಸ ತೂತು ಕೊರೆದಿದ್ದಾರೆ. ಹಳೆಯ ಊರಿನ ಗೋಡೆಗಳು ಹಿಂದೆ ಮಸುಕಾಗಿ ಕಾಣುತ್ತಲೇ ಇರುತ್ತವೆ. ಆದರೆ 1991ರ ಹುಡುಗನನ್ನು ಮರಳಿ ಕೊಡು ಎಂದರೆ, 1995ರಲ್ಲಿ ತಪ್ಪು ಮಾಡಿದವನು ಎಲ್ಲಿಗೆ ಹೋಗಬೇಕು?

ಆದರೂ ಕೆಟ್ಟದ್ದನ್ನು ಕೆಟ್ಟಂತೆಯೇ ಬಿಡುವುದು ನನ್ನ ಕಸುಬಲ್ಲ. ಮಾವ ಕೇಳಿದ್ದೇ ಸರಿಯಾದ ಪ್ರಶ್ನೆ: ಓಡ್ತದಾ? ಕಳೆದ ತಿಂಗಳು ಕೆಪಾಸಿಟರುಗಳನ್ನು ಬದಲಿಸಿದೆ, ಬೆಸುಗೆ ಬಿಟ್ಟ ಕಡೆ ಹೊಸದಾಗಿ ಹಾಕಿದೆ, ಬುಡದ ಮರಕ್ಕೆ ಹುಳದ ಔಷಧಿ ಹೊಡೆದೆ. ಯಂತ್ರ ಓಡುತ್ತದೆ. ಕಂದು ಬಣ್ಣಕ್ಕೆ ಕೈ ಹಚ್ಚಿಲ್ಲ.

ಪುಣೆಯ ಹುಡುಗನಿಗೆ ಎಲ್ಲವನ್ನೂ ಹೇಳಿದೆ, ಗೀರಿನ ಸಂಗತಿಯನ್ನೂ. ಇದ್ದಂತೆಯೇ ಬೇಕಾದರೆ ಅರ್ಧ ಬೆಲೆಗೆ ಕೊಡುತ್ತೇನೆ ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ತಗೊಂಡ ಮ್ಯಾಲ ಅದು ನಂದಲ್ರೀ ಕಾಕಾ? ಆಮ್ಯಾಲ ಬಣ್ಣ ತಗದ್ರ?” ಎಂದು ಕೇಳಿದ. ಪ್ರಾಮಾಣಿಕ ಪ್ರಶ್ನೆ. ಮಾರಿದ ಮೇಲೆ ಷರತ್ತು ಹಾಕಲು ನಾನು ಯಾರು? ತೆಗೆಯುವ ಮೊದಲು ಒಮ್ಮೆ ಎಣಿಸು ಎಂದಷ್ಟೇ ಹೇಳಿದೆ. ಯೋಚಿಸಿ ಬರುತ್ತೇನೆ ಎಂದಿದ್ದಾನೆ.