ಕಾಣದ ಎಂಟು

ಬನಶಂಕರಿ ಎರಡನೆಯ ಹಂತದಲ್ಲಿ ನಮ್ಮ ಎದುರು ಮನೆಯ ಹುಡುಗ ಒಂದು ಸಂಜೆ ಬಣ್ಣದ ಚುಕ್ಕೆಗಳ ಪುಸ್ತಕವೊಂದನ್ನು ಹಿಡಿದು ಬಂದ. “ಮೇಷ್ಟ್ರೇ, ಸ್ವಲ್ಪ ಪುಟ ತಿರುಗಿಸಿ ಕೇಳುತ್ತೀರಾ?” ಎಂದ. ಮೂವತ್ತು ವರ್ಷ ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಂಡವನಿಗೆ ಅದೇನು ದೊಡ್ಡ ಕೆಲಸ? ತಿರುಗಿಸಿದೆ. ಹನ್ನೆರಡು, ಎಂಟು, ಆರು, ಇಪ್ಪತ್ತೊಂಬತ್ತು ಎಂದು ನಿರರ್ಗಳವಾಗಿ ಹೇಳುತ್ತ ಹೋದ. ಮೇಷ್ಟರ ಹಳೆಯ ಚಾಳಿ. ನಡುವಿನದೊಂದು ಪುಟವನ್ನು ಥಟ್ಟನೆ ತೆಗೆದು ಹಿಡಿದೆ. ಹುಡುಗ ಸುಮ್ಮನಾದ. ಅವನಿಗೆ ಅಂಕಿ ಕಾಣುತ್ತಿರಲಿಲ್ಲ. ಕಂಠಪಾಠ ಮಾಡಿದ್ದ.

ಅವನಿಗೆ ವಿಮಾನ ಹಾರಿಸುವ ಆಸೆ. ವಾಯುಪಡೆಯ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮೈಸೂರಿನ ಆಯ್ಕೆ ಮಂಡಲಿಯಲ್ಲಿ ದಿನಗಟ್ಟಲೆ ಮನಸ್ಸು, ಮಾತು, ಮೈ ಎಲ್ಲವನ್ನೂ ತೂಗಿಸಿಕೊಂಡು ಬಂದಿದ್ದ. ಅಲ್ಲಿ ಪೈಲಟ್ ಆಗಬಯಸುವವರಿಗೆ ಒಂದು ವಿಶೇಷ ಪರೀಕ್ಷೆಯುಂಟು. ಜೀವಮಾನದಲ್ಲಿ ಅದಕ್ಕೆ ಒಮ್ಮೆ ಮಾತ್ರ ಕೂರಬಹುದು. ಅದನ್ನೂ ಗೆದ್ದಿದ್ದ. ಉಳಿದದ್ದು ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ವೈಮಾನಿಕ ವೈದ್ಯ ಸಂಸ್ಥೆಯ ತಪಾಸಣೆ. 1957ರಲ್ಲಿ ಆರಂಭವಾದ ಸಂಸ್ಥೆ ಅದು. ಗಗನಯಾನದ ಯಾತ್ರಿಗಳ ಆಯ್ಕೆಯಲ್ಲಿಯೂ ಅದರ ಕೈಯಿದೆ. ಅಲ್ಲಿ ಗೆದ್ದರೂ ಮುಗಿಯಿತೆನ್ನುವಂತಿಲ್ಲ. ಅರ್ಹರ ಪಟ್ಟಿಗೆ ಕಾಯಬೇಕು. ಸ್ಥಾನಗಳು ಕಡಿಮೆ, ಹೆಸರು ಬಾರದೆಯೂ ಹೋಗಬಹುದು. ಅದು ಸಹಿಸಬಹುದಾದ ಕಾಯುವಿಕೆ, ಏಕೆಂದರೆ ಅದರಲ್ಲಿ ಆಸೆಯಿದೆ. ಜಯನಗರದ ಕನ್ನಡಕದ ಅಂಗಡಿಯೊಂದರಲ್ಲಿ ಬಣ್ಣದ ದೋಷ ಗೊತ್ತಾದ ದಿನದಿಂದ ಈ ಹುಡುಗ ಕಾಯುತ್ತಿದ್ದುದು ಬೇರೊಂದು ಬಗೆ. ಚಾಳೀಸಿಗೆ ಕನ್ನಡಕವುಂಟು, ಪೊರೆಗೆ ಶಸ್ತ್ರಚಿಕಿತ್ಸೆಯುಂಟು, ಇದಕ್ಕೆ ಮದ್ದಿಲ್ಲ.

ಆ ಪುಸ್ತಕವನ್ನು ಮಾಡಿದವರು ಜಪಾನಿನ ಶಿನೊಬು ಇಷಿಹಾರ ಎಂಬ ವೈದ್ಯರು. ಮೊದಲು ಪ್ರಕಟವಾದದ್ದು 1917ರಲ್ಲಿ. ಅದರ ಹುಟ್ಟೂ ಸೈನ್ಯದ ಅಗತ್ಯದಿಂದಲೇ. ಮೊದಲ ಪುಟದ ಹನ್ನೆರಡು ಎಲ್ಲರಿಗೂ ಕಾಣುತ್ತದೆ. ಎರಡನೆಯ ಪುಟದಲ್ಲಿ ನಮಗೆ ಎಂಟು ಕಂಡರೆ, ಕೆಂಪು ಹಸಿರುಗಳ ಭೇದ ತಿಳಿಯದವರಿಗೆ ಮೂರು ಕಾಣುತ್ತದೆ. ಇನ್ನೂ ವಿಚಿತ್ರವೆಂದರೆ, ನನ್ನಂಥವನಿಗೆ ಏನೂ ಕಾಣದ ಪುಟಗಳೂ ಅದರಲ್ಲಿವೆ. ಅಂಥದೊಂದರಲ್ಲಿ ಹುಡುಗ “ಐದು” ಎಂದ. ನಾನು ಕನ್ನಡಕ ಒರೆಸಿಕೊಂಡು ನೋಡಿದೆ, ಬರಿಯ ಚುಕ್ಕೆ. ಆ ಪುಟದ ಮಟ್ಟಿಗೆ ಕುರುಡ ನಾನೇ.

“ಹೇಳಿಬಿಡಲೇ ಮೇಷ್ಟ್ರೇ, ಎಂಟು ಅಂತ?” ಎಂದು ಅವನು ಕೇಳಿದ.

ಡಾಕ್ಟರು ಪುಟ ಕಲಸಬಹುದು, ದೀಪದ ಪರೀಕ್ಷೆ ಮಾಡಬಹುದು, ಸಿಕ್ಕಿಬೀಳುತ್ತೀಯೆ ಎನ್ನಬಹುದಿತ್ತು. ಆದರೆ ಅದು ನೀತಿಯಲ್ಲ, ಲೆಕ್ಕಾಚಾರ. ಸಿಕ್ಕಿಬೀಳುವುದೇ ಇಲ್ಲವೆನ್ನೋಣ, ಆಗ?

ಅವನ ಪಕ್ಷದಲ್ಲಿ ಹೇಳುವುದು ಬಹಳವಿದೆ. ಮಿಕ್ಕ ಪರೀಕ್ಷೆಗಳಲ್ಲಿ ದುಡಿದರೆ ಫಲವುಂಟು. ಇದರಲ್ಲಿ ಹುಟ್ಟೇ ಉತ್ತರ. ಈ ನಿಯಮಗಳ ಹುಟ್ಟಿನಲ್ಲಿಯೂ ಸಂದೇಹವಿದೆ. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡ ಎಂಬಲ್ಲಿ ಎರಡು ರೈಲುಗಳು ಡಿಕ್ಕಿಯಾಗಿ ಒಂಬತ್ತು ಜನ ಸತ್ತರು. ಸಿಗ್ನಲ್ಲಿನ ಬಣ್ಣ ತಿಳಿಯದ ನೌಕರನೇ ಕಾರಣವಿರಬೇಕೆಂದು ಹೋಮ್‌ಗ್ರೆನ್ ಎಂಬ ಪ್ರಾಧ್ಯಾಪಕರು ವಾದಿಸಿ, ರೈಲ್ವೆಯಲ್ಲಿ ಬಣ್ಣದ ಪರೀಕ್ಷೆಯನ್ನು ತರಿಸಿದರು. ಆ ಅಪಘಾತಕ್ಕೆ ಕಾರಣ ನಿಜವಾಗಿ ಕಣ್ಣೇ ಹೌದೆ ಎಂದು ಇತ್ತೀಚಿನ ವಿದ್ವಾಂಸರು ಶಂಕಿಸಿದ್ದಾರೆ.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ರಾತ್ರಿಯ ಆಕಾಶದಲ್ಲಿ ವಿಮಾನದ ಎಡರೆಕ್ಕೆಗೆ ಕೆಂಪು ದೀಪ, ಬಲರೆಕ್ಕೆಗೆ ಹಸಿರು. ಎದುರಿನ ವಿಮಾನ ನಮ್ಮತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂಬುದನ್ನು ಆ ದೀಪಗಳಿಂದ ತಿಳಿಯಬೇಕು. ತಪ್ಪಿದರೆ ತೆರುವವನು ಇವನೊಬ್ಬನೇ ಅಲ್ಲ. ಇವನ ಹಿಂದೆ ಕುಳಿತವನೂ ಹೌದು, ಎದುರಿನವನೂ ಹೌದು. ಅವರನ್ನು ಯಾರು ಕೇಳಿದರು? ತನ್ನ ಪ್ರಾಣವನ್ನು ಪಣಕ್ಕಿಡುವ ಹಕ್ಕು ಸಿಪಾಯಿಗುಂಟು. ಇನ್ನೊಬ್ಬನ ಪ್ರಾಣವನ್ನು ಅವನಿಗೆ ತಿಳಿಯದಂತೆ ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ. ನಿಯಮ ತಪ್ಪಾಗಿದ್ದರೆ ಅದನ್ನು ಬಹಿರಂಗವಾಗಿ ಜಗಳವಾಡಿ ತಿದ್ದಿಸಬೇಕು.

ಹೀಗೆಂದು ಹೇಳಿದೆ. ಹೇಳಿದಾಗ ಕೊಂಚ ಗತ್ತೂ ಇದ್ದಿರಬೇಕು. ರಾತ್ರಿ ಮಲಗಿದ ಮೇಲೆ ನೆನಪಾಯಿತು: ಐದಾರು ವರ್ಷದ ಹಿಂದೆ ಸ್ಕೂಟರಿನ ಲೈಸೆನ್ಸ್ ಹೊಸದು ಮಾಡಿಸುವಾಗ ಕಣ್ಣಿನ ಸರ್ಟಿಫಿಕೇಟು ಬೇಕಾಗಿತ್ತು. ಸಾಲಿನಲ್ಲಿ ನನ್ನ ಮುಂದಿದ್ದವನು ಗೋಡೆಯ ಅಕ್ಷರಗಳನ್ನು ಗಟ್ಟಿಯಾಗಿ ಓದಿದ್ದ. ಕಡೆಯ ಸಾಲು ನನಗೆ ಮಸುಕು. ಅವನು ಹೇಳಿದ್ದನ್ನೇ ಹೇಳಿ, ಸರ್ಟಿಫಿಕೇಟು ಜೇಬಿಗಿಟ್ಟುಕೊಂಡು ಬಂದೆ. ಸೌತ್ ಎಂಡ್ ವೃತ್ತದಲ್ಲಿ ನನ್ನ ಎದುರು ರಸ್ತೆ ದಾಟುತ್ತಿದ್ದವರನ್ನು ಯಾರು ಕೇಳಿದ್ದರು? ಇದನ್ನು ಹುಡುಗನಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ.

ಹುಡುಗ ಹೋದ. ಎರಡನೆಯ ಪುಟಕ್ಕೆ “ಮೂರು” ಎಂದ. ಹಾರಾಟಕ್ಕೆ ಅನರ್ಹನೆಂದು ಬರೆದುಕೊಟ್ಟರು. ಮರುಪರೀಕ್ಷೆ ಕೇಳಿ ಹಾಜರಾಗಲು 42 ದಿನಗಳ ಅವಕಾಶವಿದೆಯಂತೆ; ಆ ಕಾಗದ ಅವರ ಮನೆಯ ಟಿವಿಯ ಪಕ್ಕದಲ್ಲಿ, ಮಡಿಸಿದ್ದು ಮಡಿಸಿದಂತೆಯೇ ಇದೆ. ಕೆಲವು ನೆಲದ ಶಾಖೆಗಳಲ್ಲಿ ನಿಯಮ ಇಷ್ಟು ಬಿಗಿಯಿಲ್ಲವೆಂದು ಅವನ ತಂದೆ ವಿಚಾರಿಸುತ್ತಿದ್ದಾರೆ.

ಈ ದೋಷ ತಾಯಿಯ ಮೂಲಕ ಮಗನಿಗೆ ಬರುವಂಥದು. ತಾಯಿಗೆ ಸಾಮಾನ್ಯವಾಗಿ ಬಣ್ಣಗಳೆಲ್ಲ ಸರಿಯಾಗಿಯೇ ಕಾಣುತ್ತವೆ. ಡಾಕ್ಟರು ಇದನ್ನು ವಿವರಿಸಿದ ಮೇಲೆ ಆಕೆಗೆ ತಮ್ಮ ತಂದೆಯ ನೆನಪಾಯಿತಂತೆ. ಗಾಂಧಿಬಜಾರಿನಿಂದ ಕಾಯಿ ಟೊಮೇಟೊ ಆರಿಸಿ ತಂದು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಮನುಷ್ಯ. ಎಲ್ಲರೂ ಅದನ್ನು ಮರೆವು ಎಂದುಕೊಂಡಿದ್ದರು.

ಮೊನ್ನೆ ಹಾಲಿನ ಬೂತಿನ ಹತ್ತಿರ ಆಕೆ ಸಿಕ್ಕರು. ಮಾಮೂಲಿನಂತೆ ನಗಲಿಲ್ಲ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು, “ಮೂರು ಅನ್ನು ಅಂತ ನೀವೇ ಹೇಳಿಕೊಟ್ಟಿರಾ ಮೇಷ್ಟ್ರೇ?” ಎಂದು ಕೇಳಿದರು. ಕಂಡದ್ದನ್ನು ಹೇಳು ಎಂದೆ, ಅಷ್ಟೆ ಎಂದೆ. ಆಕೆ ತಲೆಯಾಡಿಸಿ ರಸ್ತೆ ದಾಟಿದರು.