ದೇವರಿಗೆ ಗೊತ್ತಿದೆ ಎನ್ನುವ ಮೊದಲು

ದೇವರು ಮನುಷ್ಯನ ಸಂಕಟವನ್ನು ದೂರದಿಂದ ನೋಡಿ ಬಲ್ಲವನಲ್ಲ, ಉಂಡು ಬಲ್ಲವನು ಎಂದು ಕ್ರೈಸ್ತ ಧರ್ಮ ಹೇಳುತ್ತದೆ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಯೇಸು ಗೆಳೆಯ ಲಾಜರನ ಸಮಾಧಿಗೆ ಹೊರಟಾಗ ಅಳುತ್ತಾನೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಸತ್ತವನನ್ನು ಎಬ್ಬಿಸಲಿದ್ದಾನೆ, ಅದು ಅವನಿಗೂ ಗೊತ್ತು. ಆದರೂ ಲಾಜರನ ಸೋದರಿ ಮರಿಯಳ ಕಣ್ಣೀರು ಕಂಡು ಅವನ ಕಣ್ಣಲ್ಲೂ ನೀರು ಬಂದಿತು. ನಂಬಿಕೆಯಿಲ್ಲದ ನನ್ನಂಥವನಿಗೂ ಈ ಜಾಗ ದೊಡ್ಡದೆನಿಸುತ್ತದೆ. ಮುಂದೆ ಒಳ್ಳೆಯದಾಗುತ್ತದೆಂದು ಗೊತ್ತಿದ್ದರೂ ಈಗಿನ ಅಳು ಸುಳ್ಳಾಗುವುದಿಲ್ಲ ಎಂದು ಆ ಕಥೆ ಒಪ್ಪಿಕೊಂಡಿದೆ.

ಪಂಡಿತರಿಗೆ ಇದು ಇಕ್ಕಟ್ಟಾಯಿತು. ಪರಿಪೂರ್ಣವಾದದ್ದು ಬದಲಾಗದು, ಬದಲಾಗದ್ದಕ್ಕೆ ನೋವು ತಾಗದು ಎಂಬುದು ಗ್ರೀಕ್ ತತ್ತ್ವಜ್ಞಾನದಿಂದ ಅವರಿಗೆ ಬಂದ ಪಾಠ. 451ರಲ್ಲಿ ಕ್ಯಾಲ್ಸಿಡನ್ ಸಭೆ ಒಬ್ಬನೇ ಕ್ರಿಸ್ತನಲ್ಲಿ ದೈವ, ಮಾನುಷ ಎರಡೂ ಸ್ವಭಾವಗಳಿವೆ ಎಂದು ತೀರ್ಮಾನಿಸಿತು. ಅಳು, ಹಸಿವು, ಭಯ ಮಾನುಷದ ಪಾಲಿಗೆ ಹೋದವು. ದೈವಕ್ಕೆ ನೋವಿಲ್ಲ ಎಂಬ ಮಾತು ಬಹುಕಾಲ ನಡೆಯಿತು. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕ ಯೂರ್ಗೆನ್ ಮೋಲ್ಟ್‌ಮನ್ ಮುಂದೆ ದೇವಶಾಸ್ತ್ರಜ್ಞನಾಗಿ 1972ರಲ್ಲಿ ಪುಸ್ತಕ ಬರೆದು, ಶಿಲುಬೆಯ ನೋವು ದೇವರನ್ನೇ ತಟ್ಟಿತು ಎಂದು ವಾದಿಸಿದ. ಯಾರ ವಾದ ಗೆದ್ದಿತೆಂದು ತೀರ್ಮಾನಿಸಲು ನನ್ನ ಬಳಿ ಸಾಕ್ಷ್ಯವಿಲ್ಲ, ಯಾರ ಬಳಿಯೂ ಇರಲಾರದು. ‘ದೇವರಿಗೆ ನಿನ್ನ ನೋವು ಗೊತ್ತು’ ಎಂಬ ಮಾತು ಕೇಳಿಸಿಕೊಂಡವರ ಬದುಕಿನಲ್ಲಿ ಏನು ಮಾಡುತ್ತದೆ ಎಂಬುದನ್ನಾದರೆ ಕಣ್ಣಾರೆ ನೋಡಬಹುದು.

ಇಳಕಲ್ಲಿಗೂ ಬಾದಾಮಿಗೂ ನಡುವಿನ ನಮ್ಮ ಗುಡೂರಿನ ಸೀಮೆಗೆ ಅಳುವ ದೈವ ಹೊಸದಲ್ಲ. ಬಾದಾಮಿಯ ಬನಶಂಕರಿ ಶಾಕಂಭರಿ. ಮಳೆಯಿಲ್ಲದೆ ಜೀವಗಳು ಒಣಗಿದಾಗ ನೂರು ಕಣ್ಣುಗಳಿಂದ ಅತ್ತಳು, ಮೈಯಿಂದ ಕಾಯಿಪಲ್ಯ ಬೆಳೆದು ಉಣಿಸಿದಳು ಎಂದು ಪುರಾಣ. ಜಾತ್ರೆಯ ಮುನ್ನ 108 ಬಗೆಯ ಪಲ್ಯದ ನೈವೇದ್ಯ ಇಂದಿಗೂ ನಡೆಯುತ್ತದೆ. ಅಳುವುದರ ಜೊತೆಗೇ ಉಣಿಸುವುದೂ ಇದೆ ಎಂಬುದನ್ನು ಗಮನಿಸಬೇಕು. ಪುರಾಣ ಕಟ್ಟಿದವರಿಗೆ ಬರೀ ಅಳುವ ದೇವಿಯಿಂದ ಸಮಾಧಾನವಾಗಿರಲಿಲ್ಲ.

ಈ ನೆಲಕ್ಕೆ ಪುರಾಣವಲ್ಲದ ಬರವೂ ಬಂದಿತು. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಈಶ್ವರದ ಬರ ಎಂದು ಹಳಬರು ಕರೆದ ಆ ಕ್ಷಾಮದಲ್ಲಿ, 1872 ಮತ್ತು 1881ರ ಜನಗಣತಿಗಳ ನಡುವೆ ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಕರಗಿತು. 1877ರ ಆರಂಭದಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಪರಿಹಾರ ಕೂಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಮೇಲೊಂದು ಆಣೆ. ಕಲ್ಲು ಒಡೆಯುವವನಿಗೆ ಅರ್ಧ ಕಿಲೋಕ್ಕೂ ಕಡಿಮೆ! ಮುಂಬಯಿ ಪ್ರಾಂತದ ಕೂಲಿಗಳು ಕೆಲಸ ಬಿಟ್ಟು ಹೊರನಡೆದರು. ಇದೇ ಸೀಮೆಯ ಗುಳೇದಗುಡ್ಡದಲ್ಲಿ 1851ರಿಂದ ಕ್ರೈಸ್ತ ಪ್ರಚಾರಕರ ಬಾಸೆಲ್ ಮಿಷನ್ನಿನ ಕೇಂದ್ರವಿತ್ತು. ಆ ಬರದ ಕಾಲದಲ್ಲಿ ಮಿಷನ್ನಿನವರು ಅನಾಥ ಮಕ್ಕಳನ್ನು ತೆಗೆದುಕೊಂಡು ಸಾಕಿದರು, ದೀಕ್ಷೆಯನ್ನೂ ಕೊಟ್ಟರು.

ಇಲ್ಲಿ ನ್ಯಾಯ ಹೇಳುವುದು ಕಷ್ಟ. ಹಸಿದ ಮಗುವಿಗೆ ಊಟವಿಟ್ಟವರನ್ನು ದೂರುವ ಮೊದಲು, ಇಡದೆ ಇದ್ದವರ ಲೆಕ್ಕ ಕೇಳಬೇಕಾಗುತ್ತದೆ. ಆದರೆ ಅನ್ನ ಕೊಟ್ಟ ಕೈಯೇ ದೇವರನ್ನೂ ಕೊಟ್ಟಾಗ, ಆರು ವರ್ಷದ ಮಗು ಬೇಡ ಎನ್ನುವುದು ಹೇಗೆ? ಅದರ ದುಃಖಕ್ಕೆ ಅರ್ಥ ಬೇರೆಯವರು ಬರೆದರು. ಅವ್ವ ಸತ್ತದ್ದೂ ದೇವರ ಕರೆ ಎಂದು ಕಲಿಸಲಾಗಿದ್ದರೆ, ಆ ಮಗು ತನ್ನ ಸಿಟ್ಟನ್ನು ಎಲ್ಲಿಡಬೇಕಿತ್ತು? ಬಾಳು ಉಳಿದದ್ದು ನಿಜ, ಆಯ್ಕೆ ಇರಲಿಲ್ಲ ಎಂಬುದೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಬಾರದು.

ಈಚೆಗೆ ನಾನು ಕಂಡ ಒಂದು ಸಾವಿನ ಮನೆಯ ಮಾತು. ಇಳಕಲ್ಲಿನ ಕೆಂಪು ಕಲ್ಲಿನ ಕ್ವಾರಿಯಲ್ಲಿ ಕೆಲಸಕ್ಕಿದ್ದ ಹುಡುಗ ಬಿದ್ದು ತೀರಿಕೊಂಡಿದ್ದ. ತಾಯಿ ಮಗನ ಗುಣಗಳನ್ನು ಹೆಸರಿಟ್ಟು ಹೇಳಿ ಹೇಳಿ ಅಳುತ್ತಿದ್ದಳು, ನಮ್ಮ ಕಡೆಯ ಹೆಣ್ಣುಮಕ್ಕಳು ಅಳುವ ಹಾಗೆ. ಪ್ರಾರ್ಥನೆಗೆ ಬಂದ ಚರ್ಚಿನ ಹಿರಿಯರು ಕರುಣೆಯಿಂದಲೇ ಹೇಳಿದರು: “ಅಳಬ್ಯಾಡವಾ ಯಕ್ಕಾ, ದೇವರಿಗೆ ಎಲ್ಲಾ ಗೊತ್ತೈತಿ.” ಆಕೆ ತಲೆಯೆತ್ತಿ ಕೇಳಿದಳು: “ಹಗ್ಗ ಇಲ್ದ ಇಳಿಸಿದ್ದೂ ಗೊತ್ತೈತೇನ್ರಿ?” ಯಾರೂ ಮಾತಾಡಲಿಲ್ಲ. ಪ್ರಾರ್ಥನೆ ಮುಂದುವರಿಯಿತು.

ಹಿರಿಯರ ಕಳಕಳಿಯನ್ನು ನಾನು ಅನುಮಾನಿಸುತ್ತಿಲ್ಲ. ನನ್ನ ತಕರಾರು ಆ ಮಾತು ಮಾಡಿದ ಕೆಲಸದ ಬಗ್ಗೆ. ಆಕೆಯ ಅಳುವಿನೊಳಗೆ ಒಂದು ಪ್ರಶ್ನೆ ಇತ್ತು, ಅದಕ್ಕೆ ಉತ್ತರ ಕೊಡಬೇಕಾದ ಮನುಷ್ಯರೂ ಇದ್ದರು. ದೂರು ಬಂದ ಕಾಗದವನ್ನು ಮೇಲಿನ ಕಚೇರಿಗೆ ಕಳಿಸಿ ಕೈತೊಳೆದುಕೊಳ್ಳುವ ಗುಮಾಸ್ತನ ಹಾಗೆ, ‘ದೇವರಿಗೆ ಗೊತ್ತು’ ಎಂಬ ಮಾತು ಆ ಪ್ರಶ್ನೆಯನ್ನು ಯಾರಿಗೂ ಎಟುಕದ ಕಡೆಗೆ ಸಾಗಹಾಕಿತು.

ನಂಬದವನಿಗೆ ನಂಬುವವರ ಸಮಾಧಾನದಲ್ಲಿ ಏನು ಕೆಲಸ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಹಾಗಾದರೆ ಅವರ ಗ್ರಂಥವನ್ನೇ ಮುಂದಿಡುತ್ತೇನೆ. ಬೈಬಲ್ಲಿನ ಯೋಬನ ಗ್ರಂಥದಲ್ಲಿ ಗೆಳೆಯರು ಏಳು ದಿನ ನೊಂದ ಯೋಬನ ಬಳಿ ಬಾಯಿಬಿಡದೆ ನೆಲದ ಮೇಲೆ ಕೂತರು, ಅಲ್ಲಿಯವರೆಗೆ ಸರಿಯಿದ್ದರು. ಆಮೇಲೆ ದೇವರ ಪರವಾಗಿ ವಾದಿಸತೊಡಗಿದರು. ಕೊನೆಯಲ್ಲಿ ದೇವರು ಸಿಟ್ಟಾದದ್ದು ಈ ವಕೀಲರ ಮೇಲೆ. ದೇವರೊಡನೆ ಜಗಳವಾಡಿದ ಯೋಬನೇ ಸರಿಯಾಗಿ ಮಾತಾಡಿದನೆಂದು ಗ್ರಂಥ ಹೇಳುತ್ತದೆ. ಕೀರ್ತನೆಗಳಲ್ಲೂ ಎಷ್ಟೋ ಬರೀ ದೂರುಗಳು. ಅಳಬೇಡ ಎಂದು ಬಾಯಿ ಮುಚ್ಚಿಸುವವನು ತನ್ನ ಗ್ರಂಥಕ್ಕಿಂತ ಹೆಚ್ಚು ದೈವಭಕ್ತನಾಗಲು ಹೊರಟಿದ್ದಾನೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಏನೂ ಉಳಿಯದವಳಿಗೆ, ಯಾರೋ ಒಬ್ಬನಿಗೆ ನನ್ನ ನೋವು ತಿಳಿದಿದೆ ಎಂಬ ನಂಬಿಕೆಯೇ ಆಸರೆ. ಅದನ್ನೂ ಕಿತ್ತುಕೊಂಡರೆ ನಿನ್ನ ವಿಚಾರವಾದ ಏನು ಕೊಡುತ್ತದೆ? ಕಿತ್ತುಕೊಳ್ಳುವ ಹಕ್ಕು ನನಗಿಲ್ಲ. ಸಾವಿನ ಮನೆಯಲ್ಲಿ ಕೂತು ‘ಇದು ಬರೀ ಆಕಸ್ಮಿಕ, ದೇವರೂ ಇಲ್ಲ ದಿಂಡರೂ ಇಲ್ಲ’ ಎನ್ನುವ ವಿಚಾರವಾದಿಯೂ ಆ ತಾಯಿಯ ಪ್ರಶ್ನೆಯನ್ನು ಕೇಳಿಸಿಕೊಂಡಿಲ್ಲ. ಹಗ್ಗವಿಲ್ಲದೆ ಇಳಿಸಿದ್ದು ದೇವರ ಚಿತ್ತವೂ ಅಲ್ಲ, ಆಕಸ್ಮಿಕವೂ ಅಲ್ಲ.

ಆ ತಾಯಿಯ ಪ್ರಶ್ನೆಗೆ ಇಲ್ಲೇ ಉತ್ತರ ಕೇಳುವ ದಾರಿಯೂ ಇದೆ: ನೌಕರರ ಪರಿಹಾರದ ಕಾನೂನು 1923ರಿಂದ ನಮ್ಮಲ್ಲಿದೆ. ಕೆಲಸದ ಮೇಲಿದ್ದಾಗ ಅಪಘಾತದಲ್ಲಿ ಸತ್ತವನ ಅವಲಂಬಿತರಿಗೆ ಮಾಲೀಕ ಪರಿಹಾರ ಕೊಡಬೇಕು. ತಪ್ಪು ಯಾರದೆಂದು ತಾಯಿ ಸಾಬೀತುಪಡಿಸಬೇಕಿಲ್ಲ. ಮೊತ್ತ ಸತ್ತವನ ಕೂಲಿ ಮತ್ತು ವಯಸ್ಸಿನ ಮೇಲೆ ನಿಲ್ಲುತ್ತದೆ. ಆದ್ದರಿಂದ ಆತ ಅಲ್ಲಿ ಕೆಲಸಕ್ಕಿದ್ದ, ಇಷ್ಟು ಪಗಾರವಿತ್ತು ಎನ್ನಲು ಕಾಗದ ಬೇಕು, ಜೊತೆಗಿದ್ದವರ ಸಾಕ್ಷಿ ಬೇಕು. ದಿನ ಕಳೆದಂತೆ ಸಾಕ್ಷಿಗಳು ಬೇರೆ ಊರಿನ ಕೆಲಸ ಹಿಡಿದು ಹೋಗುತ್ತಾರೆ. ಅರ್ಜಿ ಎರಡು ವರ್ಷದೊಳಗೆ ಹಾಕಬೇಕು. ಅದನ್ನು ಬರೆದುಕೊಡುವಷ್ಟು ಅಕ್ಷರ ಬಲ್ಲವರು ಆ ದಿನ ಪ್ರಾರ್ಥನೆಗೆ ಕೂತವರಲ್ಲೇ ನಾಲ್ಕಾರು ಮಂದಿ ಇದ್ದರು.