ಅರತಿ-ಶೋಕಗಳ ಉದಯವೂ ಶ್ರಾವಕನ ನಿತ್ಯನಿಯಮವೂ

ಸಂಸಾರಿ ಜೀವನಿಗೆ ದುಃಖವು ಹೊಸದಲ್ಲ. ಆದರೆ ಕಾರಣವು ಕಣ್ಮರೆಯಾದ ಮೇಲೂ ದುಃಖವು ಮನೆಯಲ್ಲಿಯೇ ಉಳಿದುಬಿಡುವುದುಂಟು. ಹಾಸನ ತಾಲ್ಲೂಕಿನ ಸಾಲಗಾಮೆಯಂಥ ಊರಿನಲ್ಲಿ ಅಂಗಡಿಯಿಟ್ಟು ಬಾಳುವ ಒಬ್ಬ ಶ್ರಾವಕನನ್ನು ಭಾವಿಸಿರಿ. ಮುಂಗಾರಿನಲ್ಲಿ ಸುತ್ತಲಿನ ಬೆಳೆಗಾರರಿಗೆ ಗೊಬ್ಬರವನ್ನು ಸಾಲವಾಗಿ ಕೊಟ್ಟಿದ್ದಾನೆ. ಆಷಾಢದ ಮೋಡ ಕವಿದು, ಬಿಡದೆ ಜಡಿಮಳೆ ಹಿಡಿದು, ಆಲೂಗೆಡ್ಡೆಯ ಹೊಲಕ್ಕೆ ಅಂಗಮಾರಿ ಬಿದ್ದಿತು. ಬೆಳೆಗಾರನೂ ಕೆಟ್ಟನು, ಕೊಟ್ಟವನೂ ಕೆಟ್ಟನು. ಮರುವರ್ಷ ಸಾಲವು ಅಷ್ಟಿಷ್ಟು ತೀರಿದರೂ ಆ ಗೃಹಸ್ಥನು ಮೊದಲಿನವನಾಗಲಿಲ್ಲ. ಬೆಳಗಿನ ಜಾವಕ್ಕೆ ಮುನ್ನವೇ ಎಚ್ಚರವಾಗುವುದು, ಹಾಸಿಗೆ ಬಿಟ್ಟೇಳಲು ಮನಸ್ಸಾಗದು, ಅನ್ನ ರುಚಿಸದು, ದೇವರ ಮುಂದೆ ನಿಂತರೂ ಕೈ ಜೋಡಿಸುವುದು ಭಾರವೆನಿಸುವುದು. ನೆರೆಯವರು ಸೋಮಾರಿಯೆನ್ನುವರು. ಮನೆಯ ಹಿರಿಯರು ಪೂರ್ವಪಾಪವೆನ್ನುವರು. ಎರಡು ಮಾತುಗಳೂ ಅವನನ್ನು ಇನ್ನಷ್ಟು ಕೆಳಕ್ಕೆ ತಳ್ಳುವುವು.

ಆಗಮವು ಈ ಸ್ಥಿತಿಯನ್ನು ಬೇರೆ ರೀತಿಯಲ್ಲಿ ಕಾಣುವುದು. ಚಾರಿತ್ರಮೋಹನೀಯದ ಒಂಬತ್ತು ನೋಕಷಾಯಗಳಲ್ಲಿ ಅರತಿಯೂ ಶೋಕವೂ ಸೇರಿವೆ. ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು ಅರತಿ. ಒಳಗೆ ಕೊರೆಯುವ ಕೊರಗು ಶೋಕ. ಇವು ಕರ್ಮದ ಉದಯಗಳೇ ಹೊರತು ಆತ್ಮನ ಸ್ವಭಾವವಲ್ಲ. ಉದಯವಾದುದು ಸದಾಕಾಲ ನಿಲ್ಲಲಾರದು. ಅಲ್ಲದೆ ಕರ್ಮವು ಫಲವೀಯುವಾಗ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಅಪೇಕ್ಷಿಸುವುದೆಂದು ಸಿದ್ಧಾಂತವು ಹೇಳುವುದರಿಂದ, ಆಹಾರ, ನಿದ್ರೆ, ಸಂಗ, ಔಷಧ ಮೊದಲಾದ ನಿಮಿತ್ತಗಳನ್ನು ಸರಿಪಡಿಸುವುದು ಕರ್ಮಸಿದ್ಧಾಂತಕ್ಕೆ ವಿರುದ್ಧವಾಗದು. ಎಲ್ಲವೂ ಕರ್ಮವೆಂದು ಕೈಕಟ್ಟಿ ಕೂರುವುದು ಜಿನಮತವಲ್ಲ, ಅದು ನಿಯತಿವಾದ.

ಆರ್ತಧ್ಯಾನದ ವಿವೇಚನೆಯು ಇಲ್ಲಿ ಬಹಳ ಉಪಯುಕ್ತವಾದುದು. ಅನಿಷ್ಟವು ಒದಗಿದಾಗ ಅದು ತೊಲಗಲೆಂದು, ಇಷ್ಟವು ಅಗಲಿದಾಗ ಮರಳಿ ಬರಲೆಂದು, ವೇದನೆಯುಂಟಾದಾಗ ಅದು ನೀಗಲೆಂದು, ಮುಂದಿನ ಭೋಗವು ಬೇಕೆಂದು ನೆನೆದದ್ದನ್ನೇ ನೆನೆಯುವುದನ್ನು ತತ್ತ್ವಾರ್ಥಸೂತ್ರವು ಆರ್ತವೆಂದಿದೆ. ದೋಷವನ್ನು ದುಃಖದಲ್ಲಿ ಇಡದೆ, ಮತ್ತೆ ಮತ್ತೆ ಅಲ್ಲಿಗೇ ಹೋಗುವ ಸ್ಮೃತಿಯಲ್ಲಿ ಇಟ್ಟಿರುವುದು ಆಚಾರ್ಯರ ಸೂಕ್ಷ್ಮದೃಷ್ಟಿ. ಇಂದಿನ ಮನೋವೈದ್ಯರೂ ಖಿನ್ನತೆಯನ್ನು ಬೆಳೆಸುವ ಅಭ್ಯಾಸಗಳಲ್ಲಿ ಈ ಮೆಲುಕುಹಾಕುವಿಕೆಯನ್ನು ಮುಖ್ಯವಾಗಿ ಎಣಿಸುವರು. ಇನ್ನೊಂದು ಮಾತನ್ನೂ ಮರೆಯಲಾಗದು. ಆರ್ತಧ್ಯಾನವು ಅವಿರತನಿಗೂ ದೇಶವ್ರತಿಗೂ ಮಾತ್ರವಲ್ಲ, ನಿದಾನವೊಂದನ್ನುಳಿದು ಪ್ರಮತ್ತಸಂಯತನಾದ ಮುನಿಗೂ ಸಂಭವಿಸಬಹುದೆಂದು ಹೇಳಲಾಗಿದೆ. ಆರನೆಯ ಗುಣಸ್ಥಾನದಲ್ಲಿರುವ ಮುನಿಗೂ ಬರಬಹುದಾದುದು ಅಂಗಡಿಯಲ್ಲಿ ಕುಳಿತ ಗೃಹಸ್ಥನಿಗೆ ಬಂದರೆ ಅದರಲ್ಲಿ ನಾಚಿಕೆಪಡತಕ್ಕುದೇನು?

ಹಾಗಾದರೆ ಮಾಡತಕ್ಕುದೇನು? ಮನಸ್ಸು ಸರಿಯಾದ ಮೇಲೆ ನಿಯಮವನ್ನು ಹಿಡಿಯುವೆನೆಂದು ಕಾಯುವವನಿಗೆ ಆ ದಿನವು ಬರುವುದು ಕಷ್ಟ. ಆವಶ್ಯಕವೆಂಬ ಹೆಸರೇ ಇದನ್ನು ಸೂಚಿಸುವುದು. ಮನಸ್ಸು ಬಂದರೂ ಬಾರದಿದ್ದರೂ ಮಾಡತಕ್ಕುದು ಆವಶ್ಯಕ. ಮೊದಲು ಸಣ್ಣ ಕ್ರಿಯೆ, ಅದರ ಹಿಂದಿನಿಂದ ನಿಧಾನವಾಗಿ ಮನಸ್ಸು ಎಂಬ ಕ್ರಮವನ್ನೇ ಈಗಿನ ಚಿಕಿತ್ಸಕರೂ ಖಿನ್ನರಿಗೆ ಹೇಳಿಕೊಡುವರು. ಎದ್ದು ನೀರು ಗಾಳಿಸುವುದು, ಸ್ನಾನ ಮಾಡುವುದು, ಹೊರಗೆ ಬಂದು ಎಳೆಬಿಸಿಲಿನಲ್ಲಿ ಬಸದಿಯವರೆಗೆ ನಡೆಯುವುದು, ಬಸದಿಯಿಲ್ಲದ ಊರಾದರೆ ಕೆರೆಯೇರಿಯವರೆಗಾದರೂ ನಡೆದುಬಂದು ಮನೆಯ ಪ್ರತಿಮೆಗೆ ಕೈಮುಗಿಯುವುದು. ಇಷ್ಟರಲ್ಲಿಯೇ ದೇಹಕ್ಕೆ ಬೆಳಕು, ಚಲನೆ, ವೇಳೆಯ ಕಟ್ಟು ಮೂರೂ ದೊರೆಯುವುವು. ಸೂರ್ಯಾಸ್ತಕ್ಕೆ ಮುನ್ನ ಭೋಜನ ಮುಗಿಸುವ ವ್ರತವು ಜೀವದಯೆಗಾಗಿ ಏರ್ಪಟ್ಟುದಾದರೂ, ದಿನಕ್ಕೆ ಒಂದು ಮೇರೆಯನ್ನು ಹಾಕಿಕೊಟ್ಟು ಬೇಗ ಮಲಗಲು ಸಹಾಯಮಾಡುವುದು.

ಸಾಮಾಯಿಕಕ್ಕೆ ಒಂದು ಮುಹೂರ್ತ, ಎಂದರೆ ೪೮ ನಿಮಿಷ, ಕುಳಿತುಕೊಳ್ಳುವ ಶಕ್ತಿ ಖಿನ್ನನಿಗೆ ಇರಲಾರದು. ಅಂಥವನಿಗೆ ಕಾಯೋತ್ಸರ್ಗವು ಲೇಸು. ಒಂದು ಪಂಚನಮಸ್ಕಾರಕ್ಕೆ ಮೂರು ಉಸಿರಿನಂತೆ ಒಂಬತ್ತು ಸಲಕ್ಕೆ ೨೭ ಉಸಿರು. ಉಸಿರು ನಿಧಾನವಾಗಿ ಹೋಗಿಬರುವಷ್ಟು ಹೊತ್ತು ದೇಹದ ಮೇಲಿನ ಮಮತೆಯನ್ನು ಇಳಿಸಿ ನಿಲ್ಲುವುದು. ಮನಸ್ಸು ಓಡಿದರೆ ಓಡಲಿ. ಎಣಿಕೆಯು ತಪ್ಪಿದಲ್ಲಿಂದ ಮತ್ತೆ ಹಿಡಿದರಾಯಿತು. ಸ್ವಾಧ್ಯಾಯವೂ ಹಾಗೆಯೇ. ಒಬ್ಬನೇ ಮೂಲೆಯಲ್ಲಿ ಓದುವಾಗ ಕಣ್ಣು ಪುಟದ ಮೇಲೆಯೂ ಮನಸ್ಸು ಸಾಲದ ಲೆಕ್ಕದಲ್ಲಿಯೂ ಇರುವುದು. ಒಂದೇ ಪುಟವಾದರೂ ಸರಿ, ಮಕ್ಕಳಿಗೋ ತಾಯಿಗೋ ಕೇಳುವಂತೆ ಗಟ್ಟಿಯಾಗಿ ಓದಬೇಕು. ವಾಚನೆಯ ಜೊತೆಗೆ ಪೃಚ್ಛನೆಯನ್ನು, ಎಂದರೆ ಇನ್ನೊಬ್ಬರನ್ನು ಕೇಳಿ ತಿಳಿಯುವುದನ್ನು, ಸ್ವಾಧ್ಯಾಯದ ಭೇದವಾಗಿ ಹೇಳಿರುವುದು ವ್ಯರ್ಥವಲ್ಲ.

ಹಾಸನದ ಸೀಮೆಯಲ್ಲಿಯೇ ಶೋಕವು ಕ್ರಿಯೆಯಾದುದಕ್ಕೆ ಕಲ್ಲಿನ ಸಾಕ್ಷಿಯಿದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತೀರಿಕೊಂಡಾಗ ಅವನ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ ೧೧೩೩ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅದಕ್ಕೂ ಹಿಂದಿನ ಅತ್ತಿಮಬ್ಬೆಯ ಚರಿತ್ರೆಯಂತೂ ಶ್ರಾವಿಕೆಯರೆಲ್ಲರೂ ಬಲ್ಲುದು. ಪತಿ ನಾಗದೇವನು ಗತಿಸಿದಾಗ ಅವನ ಇನ್ನೊಬ್ಬ ಪತ್ನಿಯೂ ತನ್ನ ತಂಗಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆಯು ಬದುಕಿ ಉಳಿದಳು. ಮಗನನ್ನು ಬೆಳೆಸಿದಳು, ವ್ರತಗಳನ್ನು ನಡೆಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ರನ್ನನಿಂದ ೯೯೩ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು. ಅವಳಿಗೆ ಶೋಕವಿರಲಿಲ್ಲವೆಂದು ತಿಳಿಯುವುದು ಅವಿವೇಕ. ಒಂದೊಂದು ಓಲೆಗರಿಯೂ ಒಂದೊಂದು ದಿನವನ್ನು ದಾಟಿಸಿರಬೇಕು.

ಈಗ ಉಪವಾಸದ ವಿಚಾರ. ಇಲ್ಲಿ ಶ್ರಾವಕ ಮನೆಗಳು ವಿಶೇಷ ಎಚ್ಚರವನ್ನು ವಹಿಸತಕ್ಕುದು. ಖಿನ್ನನಾದವನು ಅನ್ನವನ್ನು ಬಿಡುವುದು ತಪಸ್ಸಲ್ಲ. ಕಷಾಯ, ವಿಷಯ, ಆಹಾರ ಮೂರನ್ನೂ ತಿಳಿದು ಬಿಟ್ಟು ಆತ್ಮನ ಸಮೀಪದಲ್ಲಿರುವುದು ಉಪವಾಸ. ಆಹಾರವೊಂದೇ ಬಿಟ್ಟುಹೋದರೆ ಅದು ಲಂಘನ. ಹಸಿವಿಲ್ಲದುದನ್ನೇ ವ್ರತವೆಂದು ಹೆಸರಿಟ್ಟು ದಿನದಿಂದ ದಿನಕ್ಕೆ ಸೊರಗುವವರನ್ನು ಮನೆಯವರು ಭಕ್ತಿಯೆಂದು ಮೆಚ್ಚಿಕೊಂಡರೆ ಮಹಾ ಪ್ರಮಾದ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಶಕ್ತಿಗೆ ತಕ್ಕಂತೆ ಎಂದು ಕಟ್ಟುಮಾಡಿದೆ. ಅಂಥವರಿಗೆ ಆ ಕಾಲದ ವ್ರತವೆಂದರೆ ಹೊತ್ತಿಗೆ ಸರಿಯಾಗಿ ಶುದ್ಧಾಹಾರವನ್ನು ತೆಗೆದುಕೊಳ್ಳುವೆನೆಂಬ ನಿಯಮವೇ. ಔಷಧ ಸೇವಿಸುವವರು ಉಪವಾಸದ ನೆವದಿಂದ ಅದನ್ನು ತಾವಾಗಿಯೇ ನಿಲ್ಲಿಸಲಾಗದು. ಖಿನ್ನತೆಯ ಔಷಧಗಳು ಪೂರ್ಣ ಗುಣ ತೋರಲು ಕೆಲವು ವಾರಗಳೇ ಬೇಕು. ಹಠಾತ್ತನೆ ಬಿಟ್ಟರೆ ಕಾಟ ಕೊಡುವುವು. ಲಿಥಿಯಂ ಸೇವಿಸುವವರು ನೀರನ್ನೂ ಬಿಟ್ಟು ಉಪವಾಸ ಮಾಡಿದರೆ ರಕ್ತದಲ್ಲಿ ಅದರ ಪ್ರಮಾಣವೇರಿ ಪ್ರಾಣಾಪಾಯವಾಗಬಹುದು. ರಾತ್ರಿಯ ಗುಳಿಗೆಯು ವ್ರತಕ್ಕೆ ಅಡ್ಡಿಯೆನಿಸಿದರೆ ಸೂರ್ಯಾಸ್ತಕ್ಕೆ ಮೊದಲು ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು; ಅನೇಕ ಔಷಧಗಳಿಗೆ ಹೀಗೆ ವೇಳೆ ಬದಲಿಸುವುದು ಸಾಧ್ಯ.

ಇದಕ್ಕಿಂತಲೂ ಗುರುತರವಾದುದೊಂದುಂಟು. ಬದುಕು ಬೇಡವೆನಿಸಿದವನು ಸಲ್ಲೇಖನದ ಮಾತನ್ನಾಡಿದರೆ ಕೇಳಿದವರು ಗೌರವದಿಂದ ಸುಮ್ಮನಾಗಬಾರದು. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನವೆಂದು ಸಮಂತಭದ್ರಾಚಾರ್ಯರು ನಿರೂಪಿಸಿರುವರು. ಖಿನ್ನತೆಯಾದರೋ ಪ್ರತೀಕಾರವುಳ್ಳ ರೋಗ. ಮೇಲಾಗಿ ಸಾವು ಬೇಗ ಬರಲೆಂಬ ಆಸೆಯನ್ನು ಮರಣಾಶಂಸೆಯೆಂಬ ಅತಿಚಾರವಾಗಿ ಎಣಿಸಲಾಗಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿದಿಗಲ್ಲುಗಳು ಸಮಾಧಿಗೆ ಸ್ಮಾರಕಗಳೇ ಹೊರತು ನಿರಾಶೆಗೆ ಅಲ್ಲ. ಆದುದರಿಂದ ಅಂಥ ಮಾತು ಕೇಳಿಬಂದೊಡನೆ ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಹೀಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಹೊತ್ತವನ ಭಾರವು ಇಳಿಯುವುದು. ಅವನನ್ನು ಒಂಟಿಯಾಗಿ ಬಿಡದೆ, ಹೊಲಕ್ಕೆ ಹೊಡೆಯುವ ವಿಷವನ್ನು ಬೀಗದಲ್ಲಿಟ್ಟು, ತಡಮಾಡದೆ ಹಾಸನದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಗೆ ೧೪೪೧೬ಕ್ಕೆ ಶುಲ್ಕವಿಲ್ಲದೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದಕ್ಕೆ ಮಾರ್ಗದರ್ಶಿಯಾಗಿದೆ. ಎರಡು ವಾರಗಳಾದರೂ ಕೊರಗು ಬಿಡದೆ ಕೆಲಸ, ನಿದ್ರೆ, ಊಟಗಳು ಕೆಟ್ಟಿದ್ದರೆ, ಸಾವಿನ ಮಾತಿಲ್ಲದಿದ್ದರೂ ವೈದ್ಯರನ್ನು ಕಾಣುವುದು ಉಚಿತ. ನಿತ್ಯನಿಯಮವು ಚಿಕಿತ್ಸೆಗೆ ಜೊತೆಯೇ ಹೊರತು ಬದಲಲ್ಲ.

ಮನೆಯವರಿಗೂ ಒಂದು ಕಟ್ಟಳೆಯಿದೆ. ಅಸಾತಾವೇದನೀಯದ ಆಸ್ರವಕ್ಕೆ ದುಃಖ, ಶೋಕ, ತಾಪ, ಆಕ್ರಂದನ ಮೊದಲಾದುವು ಕಾರಣವೆನ್ನುವಾಗ, ಅವು ತನ್ನಲ್ಲಿರಲಿ, ಪರರಲ್ಲಿರಲಿ, ಇಬ್ಬರಲ್ಲಿಯೂ ಇರಲಿ ಎಂದು ಆಚಾರ್ಯರು ಸೇರಿಸಿರುವರು. ಅಳುವವನನ್ನು ಹಳಿದು ಇನ್ನಷ್ಟು ಅಳಿಸುವವನೂ ಬಂಧಕ್ಕೆ ಗುರಿಯಾಗುವನು. ವೈಯಾವೃತ್ತ್ಯವೆಂದರೆ ತ್ಯಾಗಿಗಳ ಸೇವೆ ಮಾತ್ರವೆಂದು ತಿಳಿದು, ಒಳಕೋಣೆಯಲ್ಲಿ ಮಲಗಿರುವ ಸೊಸೆಗೆ ಒಂದು ಬಟ್ಟಲು ಗಂಜಿಯನ್ನು ಕೊಡದಿರುವುದು ಸೇವೆಯನ್ನು ಅರಿತ ರೀತಿಯಲ್ಲ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಇಂಥವರಿಗೆ ಬಸದಿಯಲ್ಲಿ ಒಂದು ಕೆಲಸವನ್ನು ವಹಿಸಬಹುದು. ಹತ್ತು ದಿನದ ಉಪವಾಸವನ್ನಾಗಲಿ ದೀರ್ಘ ಪಾಠವನ್ನಾಗಲಿ ಅವರಿಂದ ಬಯಸುವುದು ಬೇಡ. ಅಭಿಷೇಕಕ್ಕೆ ನೀರು ಗಾಳಿಸಿಕೊಡುವುದು, ಗಂಧ ತೇಯುವುದು, ಅಕ್ಷತೆ ಆರಿಸುವುದು ಸಾಕು. ಬೆಳಗ್ಗೆ ಒಬ್ಬರು ಹೋಗಿ ಬಾಗಿಲಲ್ಲಿ ನಿಂತು, “ಗಂಧ ತೇಯುವವರಿಲ್ಲ, ಬನ್ನಿ” ಎಂದು ಕರೆಯಬೇಕು. ಮೊದಲ ದಿನ ಅವರು ಬಾರದಿದ್ದರೆ ಎರಡನೆಯ ದಿನವೂ ಹೋಗಿ ಕರೆಯಬೇಕು.